ನನ್ನ ಸುಟ್ಟ ಕೈಗೆ ಒದಗಿದ ಲೋಳೆಸರ ಅತ್ತೆಯ ಕಾಲಿಗೆ ಏಕೆ ಒದಗಲಿಲ್ಲ? ಗ್ರೀನ್ ಟೀಯಲ್ಲಿ ಗಾಯ ತೊಳೆದದ್ದು ತಪ್ಪಾಯಿತೇ?

ಪ್ರಶ್ನೆ: ಕಾವಲಿಮನೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ ಉತ್ತರಿಸಿ. ಎರಡು ವಾರಗಳಿಂದ ಇದೊಂದೇ ಮಾತು ನನ್ನ ಮನಸ್ಸನ್ನು ಕೊರೆಯುತ್ತಿದೆ.

ದಾವಣಗೆರೆಯ ಹಳೆಯ ಪೇಟೆಯಲ್ಲಿ ನಮ್ಮದೊಂದು ಬೆಣ್ಣೆ ದೋಸೆ ಹೋಟೆಲ್ ಇದೆ. ಆರು ಬೆಂಚು, ಒಂದು ಸೌದೆ ಒಲೆ, ಒಂದು ಕಾವಲಿ. ಬೆಳಿಗ್ಗೆ ಆರೂವರೆಗೆ ಕಾವಲಿ ಕಾದರೆ ಹನ್ನೊಂದರ ತನಕ ಅದರ ಮುಂದೆ ನಿಲ್ಲುವವಳು ನಾನೇ. ಕಳೆದ ಮಾರ್ಚ್ ತಿಂಗಳ ಒಂದು ಭಾನುವಾರ, ಗಿರಾಕಿಗಳು ಬಾಗಿಲಾಚೆಗೂ ನಿಂತಿದ್ದ ಹೊತ್ತಿನಲ್ಲಿ, ಒಲೆಯ ಆಚೆಗಿದ್ದ ಬೆಣ್ಣೆಯ ಬಟ್ಟಲಿಗೆ ಕೈ ಚಾಚಿದೆ. ಮುಂಗೈ ಕಾವಲಿಯ ಅಂಚಿಗೆ ಒತ್ತಿಕೊಂಡಿತು. ನಾಲ್ಕು ಬೆರಳಗಲದಷ್ಟು ಚರ್ಮ ಕೆಂಡದಂತೆ ಕೆಂಪಾಯಿತು, ಸಂಜೆಯ ಹೊತ್ತಿಗೆ ಬೊಬ್ಬೆ ಎದ್ದಿತು. ಯಜಮಾನರು ತಕ್ಷಣ ನನ್ನನ್ನು ಪಾತ್ರೆ ತೊಳೆಯುವ ನಲ್ಲಿಯ ಬಳಿ ಕೂರಿಸಿ, ತಾವೇ ಕಾವಲಿಗೆ ನಿಂತರು. ಅವರು ಮೂರು ಸುತ್ತು ದೋಸೆ ಹುಯ್ದು ತೆಗೆಯುವವರೆಗೂ ನಾನು ಕೈಯನ್ನು ನೀರಿನಿಂದ ಈಚೆ ತೆಗೆಯಲಿಲ್ಲ. ಆಮೇಲೆ ಹಿತ್ತಿಲಿನಲ್ಲಿ ಹಳೆಯ ಎಣ್ಣೆ ಡಬ್ಬದೊಳಗೆ ಬೆಳೆಸಿರುವ ಲೋಳೆಸರದ ಎಲೆ ಮುರಿದು, ಸಿಪ್ಪೆ ಸುಲಿದು, ತಿರುಳನ್ನು ಹಚ್ಚಿಕೊಂಡೆ. ದಿನಕ್ಕೆ ಎರಡು ಸಲ, ಹನ್ನೆರಡು ದಿನ. ಮೊದಲ ದಿನವೇ ಉರಿ ತಗ್ಗಿತು. ಈಗ ಕಲೆ ಎಲ್ಲಿತ್ತು ಎಂದು ಬೆಳಕಿಗೆ ಹಿಡಿದು ಹುಡುಕಬೇಕು.

ಹೋಟೆಲಿನ ಬಾಗಿಲ ಮೇಲೆ ದೃಷ್ಟಿ ತಾಗದಿರಲೆಂದು ಲೋಳೆಸರದ ಗಿಡವೊಂದನ್ನು ಬುಡಮೇಲಾಗಿ ಕಟ್ಟಿದ್ದೇವೆ. ಬೇರಿಗೆ ಹಿಡಿ ಮಣ್ಣಿಲ್ಲ, ಹನಿ ನೀರಿಲ್ಲ. ತಿಂಗಳುಗಳು ಕಳೆದರೂ ಹಸಿರಾಗಿಯೇ ಇದೆ. ಇಂಥ ಗಿಡದಲ್ಲಿ ಏನೋ ಸತ್ವವಿದೆ ಎಂದು ನಾನು ನಂಬಿದವಳು.

ಜೂನ್‌ನಲ್ಲಿ ಅತ್ತೆ ಚಿತ್ರದುರ್ಗದಿಂದ ನಮ್ಮಲ್ಲಿಗೆ ಬಂದರು. ಅವರಿಗೆ ಅರವತ್ತೆಂಟು ವರ್ಷ, ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆ. ಹೊಸ ಚಪ್ಪಲಿ ಕಚ್ಚಿ ಎಡಗಾಲಿನ ಹೆಬ್ಬೆರಳ ಪಕ್ಕದಲ್ಲಿ ಕಡಲೆಕಾಳಿನಷ್ಟು ಗಾಯವಾಗಿತ್ತು. "ನೋವೇ ಇಲ್ಲ, ಬಿಡು" ಎಂದರು. ನನ್ನ ಮಗ ಗ್ರೀನ್ ಟೀ ಕುಡಿಯುತ್ತಾನೆ. ಅದು ಬ್ಯಾಕ್ಟೀರಿಯಾ ಕೊಲ್ಲುತ್ತದೆ ಎಂದು ಮೊಬೈಲ್‌ನಲ್ಲಿ ಓದಿ ಹೇಳಿದ. ನಾಲ್ಕು ಚೀಲ ಗ್ರೀನ್ ಟೀ ಕುದಿಸಿ, ಆರಿಸಿ, ಅದರಲ್ಲಿ ಗಾಯ ತೊಳೆದೆ. ಮೇಲೆ ಲೋಳೆಸರದ ಹೋಳು ಇಟ್ಟು ಒಗೆದ ಬಟ್ಟೆ ಕಟ್ಟಿದೆ. ಐದು ದಿನ ಹೀಗೆಯೇ ಮಾಡಿದೆ. ಆರನೆಯ ದಿನ ಬಟ್ಟೆ ಬಿಚ್ಚಿದಾಗ ವಾಸನೆ ಬಂತು. ಸುತ್ತಲಿನ ಚರ್ಮ ಬೆಳ್ಳಗೆ ನೆನೆದಿತ್ತು, ಪಾದದ ಮೇಲ್ಭಾಗ ಬಿಸಿಯಾಗಿ ಊದಿಕೊಂಡಿತ್ತು. ಆಸ್ಪತ್ರೆಗೆ ಸೇರಿಸಿದೆವು. ಕೀವು ತೆಗೆದು, ನಾಲ್ಕು ದಿನ ರಕ್ತನಾಳಕ್ಕೆ ಆಂಟಿಬಯೋಟಿಕ್ ಕೊಟ್ಟರು. ಬೆರಳು ಉಳಿದಿದೆ. "ಎಲೆ ಕಟ್ಟಿದವರು ಯಾರು?" ಎಂದು ವೈದ್ಯರು ಕೇಳಿದಾಗ ಅತ್ತೆ ನನ್ನ ಮುಖ ನೋಡಲಿಲ್ಲ. "ನಾನೇ ಕಟ್ಟಿಕೊಂಡೆ" ಎಂದರು.

ಆ ಮಾತು ಕೇಳಿದಾಗಿನಿಂದ ನನಗೆ ನಿದ್ದೆಯಿಲ್ಲ. ಅದೇ ಡಬ್ಬ, ಅದೇ ಗಿಡ, ಅದೇ ಕೈ. ನನಗೆ ವಾಸಿಯಾದದ್ದು ಅವರಿಗೆ ಏಕೆ ಆಗಲಿಲ್ಲ? ಲೋಳೆಸರವೂ ಗ್ರೀನ್ ಟೀಯೂ ಬ್ಯಾಕ್ಟೀರಿಯಾ ಕೊಲ್ಲುತ್ತವೆ ಎಂಬುದು ನಿಜವೋ ಸುಳ್ಳೋ? ಯಜಮಾನರು ದಿನವೂ ಬೆಳಿಗ್ಗೆ ಖಾಲಿ ಹೊಟ್ಟೆಗೆ ಲೋಳೆಸರದ ರಸ ಕುಡಿಯುತ್ತಾರೆ, ಅದನ್ನು ಮುಂದುವರಿಸಬಹುದೇ? ಗೊತ್ತಿರುವವರು ಬಿಡಿಸಿ ಹೇಳಿ.

ಉತ್ತರ: ಡ್ರೆಸ್ಸಿಂಗ್ ಕೋಣೆ, ಚಿತ್ರದುರ್ಗ

ಅಕ್ಕ, ನಾನು ಹನ್ನೊಂದು ವರ್ಷಗಳಿಂದ ಶುಶ್ರೂಷಕಿ. ಅದರಲ್ಲಿ ಆರು ವರ್ಷ ಡ್ರೆಸ್ಸಿಂಗ್ ಕೋಣೆಯಲ್ಲಿ ಕಳೆದಿದ್ದೇನೆ. ನಿಮ್ಮ ಪ್ರಶ್ನೆಯಲ್ಲಿ ನೀವು ಗಮನಿಸದೆ ಬರೆದ ಒಂದು ಸಾಲಿನಲ್ಲೇ ಅರ್ಧ ಉತ್ತರವಿದೆ. ಮೂರು ಸುತ್ತು ದೋಸೆ ಆಗುವವರೆಗೆ ಕೈಯನ್ನು ನಲ್ಲಿಯ ಕೆಳಗೆ ಹಿಡಿದಿದ್ದಿರಲ್ಲ, ನಿಮ್ಮ ಕೈಯನ್ನು ಕಾಪಾಡಿದ್ದರಲ್ಲಿ ಅದರ ಪಾಲು ದೊಡ್ಡದು. ಸುಟ್ಟ ಜಾಗಕ್ಕೆ ಹರಿಯುವ ತಣ್ಣೀರನ್ನು ಇಪ್ಪತ್ತು ನಿಮಿಷ ಬಿಡಬೇಕು. ತಕ್ಷಣ ಬಿಟ್ಟರೆ ಅತ್ಯುತ್ತಮ. ಮೂರು ಗಂಟೆಯೊಳಗಾದರೂ ಪ್ರಯೋಜನವಿದೆ. ಒಲೆಯಿಂದ ಕೈ ತೆಗೆದ ಮೇಲೂ ಚರ್ಮದ ಒಳಗೆ ಬಿಸಿ ಇಳಿಯುತ್ತಲೇ ಇರುತ್ತದೆ, ನೀರು ಅದನ್ನು ಹೊರಗೆ ಎಳೆದುಕೊಳ್ಳುತ್ತದೆ. ಮಂಜುಗಡ್ಡೆ ಇಡಬಾರದು, ಅದು ರಕ್ತದ ಹರಿವನ್ನು ಕುಗ್ಗಿಸಿ ಗಾಯವನ್ನು ಆಳ ಮಾಡುತ್ತದೆ. ದಾವಣಗೆರೆ ಕಡೆಯ ಮಂಡಕ್ಕಿ ಭಟ್ಟಿಗಳಲ್ಲಿ ಕಾದ ಮರಳು ಸಿಡಿದು ಕೈ ಸುಟ್ಟುಕೊಂಡವರನ್ನು ನೋಡಿದ್ದೇನೆ. ಟೂತ್‌ಪೇಸ್ಟ್, ಕಾಫಿ ಪುಡಿ, ಶಾಯಿ, ಅರಿಶಿನ, ಏನೆಲ್ಲ ಮೆತ್ತಿಕೊಂಡು ಬರುತ್ತಾರೆ! ಅದನ್ನು ಕೆರೆದು ತೆಗೆಯುವಾಗ ಅವರು ಪಡುವ ನೋವು ಸುಟ್ಟಾಗಿನ ನೋವಿಗಿಂತ ಹೆಚ್ಚು.

ಇನ್ನು ಅತ್ತೆಯ ಕಾಲು. ಸಕ್ಕರೆ ಕಾಯಿಲೆ ಇರುವವರು ಗಾಯ ತೋರಿಸಿ "ನೋವಿಲ್ಲ" ಎಂದಾಗಲೇ ನನ್ನ ಎದೆ ಝಲ್ಲೆನ್ನುತ್ತದೆ. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಪಾದದ ನರಗಳು ಜೋಮು ಹಿಡಿಯುತ್ತವೆ. ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ರಕ್ತನಾಳಗಳು ಕಿರಿದಾಗಿ ಪಾದದ ತುದಿಗೆ ರಕ್ತ ಸಾಕಷ್ಟು ತಲುಪುವುದಿಲ್ಲ. ರೋಗಾಣುಗಳೊಡನೆ ಹೋರಾಡುವ ಬಿಳಿ ರಕ್ತಕಣಗಳೂ ಮಂಕಾಗಿರುತ್ತವೆ. ನಿಮ್ಮ ಕೈಗೆ ಈ ಮೂರೂ ನೆಟ್ಟಗಿದ್ದವು. ನಿಮ್ಮದು ಮೇಲ್ಪದರದ ಸುಟ್ಟ ಗಾಯ, ಅವರದು ದಿನವೂ ಚಪ್ಪಲಿಯ ಒತ್ತಡ ಬೀಳುವ ಜಾಗದಲ್ಲಿ ಒಳಮುಖವಾಗಿ ಬೆಳೆಯುತ್ತಿದ್ದ ಹುಣ್ಣು. ಅದರ ಮೇಲೆ ಹಸಿ ಎಲೆ ಇಟ್ಟು ಬಟ್ಟೆ ಬಿಗಿದರೆ ಸುತ್ತಲಿನ ಚರ್ಮ ನೀರಿನಲ್ಲಿ ನೆನೆದ ಮಂಡಕ್ಕಿಯಂತೆ ಮೆತ್ತಗಾಗಿ ಬಿಡುತ್ತದೆ. ರೋಗಾಣುವಿಗೆ ಬೆಚ್ಚನೆಯ ಮನೆ ಕಟ್ಟಿಕೊಟ್ಟಂತೆ ಆಗುತ್ತದೆ. ಗಾಯ ತೊಳೆಯಲು ಸಲೈನ್, ಅಂದರೆ ಆಸ್ಪತ್ರೆಯ ಶುದ್ಧ ಉಪ್ಪುನೀರು, ಅಥವಾ ಶುದ್ಧ ನೀರು ಸಾಕು. ಆರಿಸಿಟ್ಟ ಚಹಾ ಶುದ್ಧ ದ್ರಾವಣವಲ್ಲ. ಬಟ್ಟಲು, ಕೈ, ಗಾಳಿ ಎಲ್ಲವೂ ಅದಕ್ಕೆ ತಾಗಿರುತ್ತವೆ.

ಅತ್ತೆಯ ಪಾದವನ್ನು ದಿನವೂ ರಾತ್ರಿ ನೀವೇ ನೋಡಿ. ಅಡಿಭಾಗ, ಬೆರಳುಗಳ ಸಂದು, ಹಿಮ್ಮಡಿ, ಎಲ್ಲವನ್ನೂ. ಮನೆಯೊಳಗೂ ಬರಿಗಾಲಿನಲ್ಲಿ ನಡೆಯಲು ಬಿಡಬೇಡಿ. ಚಪ್ಪಲಿ ಧರಿಸುವ ಮೊದಲು ಒಳಗೆ ಕೈ ಹಾಕಿ ಕಲ್ಲು, ಮೊಳೆ ಇದೆಯೇ ನೋಡಿ. ಚಪ್ಪಲಿ ಕೊಳ್ಳುವುದಾದರೆ ಸಂಜೆ ಕೊಳ್ಳಿ, ಆ ಹೊತ್ತಿಗೆ ಪಾದ ತುಸು ಊದಿರುತ್ತದೆ, ಅಳತೆ ಸರಿಯಾಗಿ ಸಿಗುತ್ತದೆ.

ಅವರು "ನಾನೇ ಕಟ್ಟಿಕೊಂಡೆ" ಎಂದದ್ದನ್ನು ಓದಿ ನನ್ನ ಕಣ್ಣು ತುಂಬಿತು. ಆರನೆಯ ದಿನ ನೀವು ಆಸ್ಪತ್ರೆಗೆ ಕರೆದೊಯ್ದಿರಿ. ಇಪ್ಪತ್ತನೆಯ ದಿನ ಬರುವವರನ್ನೂ ನಾನು ನೋಡಿದ್ದೇನೆ ಅಕ್ಕ.

ಉತ್ತರ: ಅಗಾರ್ ತಟ್ಟೆ, ದಾವಣಗೆರೆ

ತಂಗಿ, ಮೇಲಿನ ಸೋದರಿ ಹೇಳಿದ್ದಕ್ಕೆ ಗಾಯದ ವಿಷಯದಲ್ಲಿ ನಾನು ಸೇರಿಸಬೇಕಾದದ್ದು ಕಡಿಮೆ. ಆದರೆ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಎಂಬುದು ನಿಜವೋ ಸುಳ್ಳೋ ಎಂದು ಕೇಳಿದ್ದೀರಿ. ಅದು ನನ್ನ ಜೀವನದ ಕೆಲಸ. ಮೂವತ್ತೊಂದು ವರ್ಷ ಈ ಊರಿನ ಕಾಲೇಜೊಂದರ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಇದ್ದೆ. ಪ್ರತಿ ವರ್ಷವೂ ವಿದ್ಯಾರ್ಥಿಗಳು ಬೇವು, ತುಳಸಿ, ಲೋಳೆಸರ, ಗ್ರೀನ್ ಟೀ ಹಿಡಿದುಕೊಂಡು ಬರುತ್ತಿದ್ದರು.

ಪರೀಕ್ಷೆ ಹೀಗೆ. ಗಾಜಿನ ತಟ್ಟೆಯಲ್ಲಿ ಅಗಾರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ಜೆಲ್ಲಿಯನ್ನು, ಹುಯ್ದು ಹೆಪ್ಪುಗಟ್ಟಿಸುತ್ತೇವೆ. ಅದರ ಮೇಲೆ ಬ್ಯಾಕ್ಟೀರಿಯಾವನ್ನು ಹತ್ತಿಯ ಕಡ್ಡಿಯಿಂದ ಒಂದೇ ಸಮನಾಗಿ ಬಳಿಯುತ್ತೇವೆ. ಅಗಾರಿನಲ್ಲಿ ಚಿಕ್ಕ ಗುಳಿ ಕೊರೆದು, ಪರೀಕ್ಷಿಸಬೇಕಾದ ರಸವನ್ನು ತುಂಬಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ರಾತ್ರಿ ಇಡುತ್ತೇವೆ. ಬೆಳಿಗ್ಗೆ ತೆಗೆದಾಗ ತಟ್ಟೆ ಮಂಜು ಕವಿದಂತೆ ಕಾಣುತ್ತದೆ, ಅದೇ ಬ್ಯಾಕ್ಟೀರಿಯಾದ ಬೆಳೆ. ಗುಳಿಯ ಸುತ್ತ ತಿಳಿಯಾದ ಬಳೆಯಂತಹ ವಲಯ ಕಂಡರೆ ರಸ ಕೆಲಸ ಮಾಡಿದೆ ಎಂದರ್ಥ. ಆ ಬಳೆಯ ಅಗಲವನ್ನು ಮಿಲಿಮೀಟರಿನಲ್ಲಿ ಅಳೆಯುತ್ತೇವೆ.

ಈಗ ನಾನು ಕಣ್ಣಾರೆ ಕಂಡದ್ದು. ಎಲೆ ಸುಲಿದು ತೆಗೆದ ಹಸಿ ಲೋಳೆಯನ್ನು ಗುಳಿಗೆ ಹಾಕಿದರೆ ಬಹುಮಟ್ಟಿಗೆ ಬಳೆಯೇ ಮೂಡುತ್ತಿರಲಿಲ್ಲ. ಕೆಲವು ಸಲ ಲೋಳೆಯೊಡನೆ ಬಂದ ಬ್ಯಾಕ್ಟೀರಿಯಾವೇ ಗುಳಿಯ ಸುತ್ತ ಹೊಸ ಬಣ್ಣದಲ್ಲಿ ಬೆಳೆದಿರುತ್ತಿತ್ತು. ಅದೇ ಎಲೆಯನ್ನು ಸಿಪ್ಪೆಸಹಿತ ಒಣಗಿಸಿ, ಪುಡಿ ಮಾಡಿ, ಆಲ್ಕೋಹಾಲ್‌ನಲ್ಲಿ ನೆನೆಸಿ ಸಾರ ತೆಗೆದಾಗ ಬಳೆ ಮೂಡುತ್ತಿತ್ತು. ಮಕ್ಕಳು ಕುಣಿದಾಡುತ್ತಿದ್ದರು. ಆಗ ನಾನು ಕೇಳುತ್ತಿದ್ದೆ: ಬರೀ ಆಲ್ಕೋಹಾಲ್ ಹಾಕಿದ ಗುಳಿ ಎಲ್ಲಿ? ಅದರ ಬಳೆ ಎಷ್ಟು? ಆ ಹೋಲಿಕೆ ಇಲ್ಲದ ಫಲಿತಾಂಶವನ್ನು ನಾನು ದಾಖಲೆ ಪುಸ್ತಕದಲ್ಲಿ ಬರೆಯಲು ಬಿಡುತ್ತಿರಲಿಲ್ಲ. ಹೋಲಿಸಿದ ಮೇಲೂ ಕೊಂಚ ಉಳಿಯುತ್ತಿತ್ತು. ಲೋಳೆಸರದಲ್ಲಿ ಬ್ಯಾಕ್ಟೀರಿಯಾವನ್ನು ತಡೆಯುವ ಅಂಶ ಇರುವುದು ಸುಳ್ಳಲ್ಲ. ಆದರೆ ಅದರ ಮುಖ್ಯ ಭಾಗ ಇರುವುದು ಸಿಪ್ಪೆಯ ಕೆಳಗಿನ ಹಳದಿ ಹಾಲಿನಲ್ಲಿ: ಅಲೋಯಿನ್, ಅಲೋ ಎಮೋಡಿನ್ ಮುಂತಾದ, ಆಂಥ್ರಾಕ್ವಿನೋನ್ ಎಂಬ ಜಾತಿಯ ರಾಸಾಯನಿಕಗಳಲ್ಲಿ. ನೀವು ಹಚ್ಚಿದ ತಿಳಿ ತಿರುಳಿನ ಶೇಕಡಾ 98ಕ್ಕಿಂತ ಹೆಚ್ಚು ಭಾಗ ನೀರು. ಉಳಿದದ್ದರಲ್ಲಿ ಪ್ರಧಾನವಾದದ್ದು ಅಸಿಮನ್ನಾನ್ ಎಂಬ ಸಕ್ಕರೆ ಸರಪಳಿ. ಅದು ತೇವ ಹಿಡಿದಿಡುತ್ತದೆ, ತಂಪು ಕೊಡುತ್ತದೆ, ಚರ್ಮದ ಜೀವಕೋಶಗಳು ಬೆಳೆಯಲು ಅನುಕೂಲ ಮಾಡಿಕೊಡಬಲ್ಲದು. ರೋಗಾಣುವನ್ನು ಕೊಲ್ಲುವುದು ಅದರ ಕೆಲಸವಲ್ಲ. ಸುಲಿದ ತಿರುಳನ್ನು ಒಂದು ಬಟ್ಟಲಿನಲ್ಲಿ ಎರಡು ದಿನ ಅಡುಗೆಮನೆಯಲ್ಲಿ ಬಿಟ್ಟು ನೋಡಿ, ಕೊಳೆತು ನಾರುತ್ತದೆ. ತನ್ನನ್ನು ಕೊಳೆಸುವ ಬ್ಯಾಕ್ಟೀರಿಯಾವನ್ನೇ ತಡೆಯಲಾರದ್ದು ಹುಣ್ಣಿನಲ್ಲಿರುವುದನ್ನು ಹೇಗೆ ತಡೆದೀತು?

ಗ್ರೀನ್ ಟೀಯ ಕಥೆ ಬೇರೆ, ನನಗೆ ಅದು ಬಹಳ ಪ್ರಿಯವಾದ ಕಥೆ. 1906ರಲ್ಲಿ ಮೆಕ್ನಾಟ್ ಎಂಬ ಬ್ರಿಟಿಷ್ ಸೈನ್ಯದ ವೈದ್ಯಾಧಿಕಾರಿ ಚಹಾದ ಕಷಾಯದಲ್ಲಿ ವಿಷಮಶೀತ ಜ್ವರದ ಬ್ಯಾಕ್ಟೀರಿಯಾ ಸಾಯುವುದನ್ನು ಕಂಡು, ಸೈನಿಕರ ನೀರಿನ ಬಾಟಲಿಗಳಿಗೆ ಚಹಾ ತುಂಬಿ ಕಳುಹಿಸಬಹುದೆಂದು ಸೂಚಿಸಿದ. 1929ರಲ್ಲಿ ಜಪಾನಿನ ವಿಜ್ಞಾನಿ ಮಿಚಿಯೋ ತ್ಸುಜಿಮುರಾ ಹಸಿರು ಚಹಾದಿಂದ ಕ್ಯಾಟೆಚಿನ್ ಎಂಬ ಒಗರು ಪದಾರ್ಥವನ್ನು ಬೇರ್ಪಡಿಸಿದರು. ಹೆಣ್ಣುಮಕ್ಕಳಿಗೆ ಸಂಶೋಧನೆಯ ಬಾಗಿಲು ಮುಚ್ಚಿದ್ದ ಕಾಲ ಅದು. ಜಪಾನಿನಲ್ಲಿ ಕೃಷಿ ವಿಜ್ಞಾನದ ಡಾಕ್ಟರೇಟ್ ಪಡೆದ ಮೊದಲ ಮಹಿಳೆ ಅವರೇ. ಹಸಿರು ಚಹಾ, ನಾವು ಕುಡಿಯುವ ಕಪ್ಪು ಚಹಾ, ಎರಡೂ ಒಂದೇ ಗಿಡದ ಎಲೆ. ಕಿತ್ತ ಎಲೆಯನ್ನು ಕೂಡಲೇ ಹಬೆಯಲ್ಲಿ ಬೇಯಿಸಿ ಅಥವಾ ಬಾಣಲೆಯಲ್ಲಿ ಹುರಿದು ಒಣಗಿಸಿದರೆ ಕ್ಯಾಟೆಚಿನ್ ಕೆಡದೆ ಉಳಿಯುತ್ತದೆ. ಕ್ಯಾಟೆಚಿನ್‌ನಲ್ಲಿ ಹಲವು ಬಗೆ. ಅವುಗಳಲ್ಲಿ ಹೆಚ್ಚು ಪ್ರಮಾಣದಲ್ಲಿರುವುದೂ ಹೆಚ್ಚು ಬಲವಾದದ್ದೂ ಇ.ಜಿ.ಸಿ.ಜಿ. ಎಂಬ ಬಗೆ.

ಗಟ್ಟಿ ಕಷಾಯಕ್ಕೆ ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಬಳಿದ ತಟ್ಟೆಯಲ್ಲಿ ಚೆಂದದ ಬಳೆ ಮೂಡುತ್ತಿತ್ತು. ಸ್ಯೂಡೊಮೊನಾಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ತಟ್ಟೆಯಲ್ಲಿ ಏನೂ ಇಲ್ಲ. ಇದಕ್ಕೆ ಕಾರಣವಿದೆ. ಸ್ಟೆಫಿಲೊಕಾಕಸ್‌ನ ಹೊರಮೈ ದಪ್ಪ ಪೆಪ್ಟಿಡೊಗ್ಲೈಕಾನ್ ಗೋಡೆ, ಇ.ಜಿ.ಸಿ.ಜಿ. ನೇರವಾಗಿ ಹೋಗಿ ಅದಕ್ಕೆ ಅಂಟಿಕೊಂಡು ಗೋಡೆಯನ್ನು ಶಿಥಿಲ ಮಾಡುತ್ತದೆ. ಸ್ಯೂಡೊಮೊನಾಸ್, ಇ. ಕೋಲೈ ಇವುಗಳಿಗೆ ಆ ಗೋಡೆಯ ಆಚೆ ಕೊಬ್ಬಿನ ಇನ್ನೊಂದು ಪೊರೆ ಇದೆ. ನಮ್ಮ ಚಿತ್ರದುರ್ಗದ ಕೋಟೆಗೆ ಸುತ್ತಿನ ಮೇಲೆ ಸುತ್ತು ಇದ್ದಹಾಗೆ. ಹೊರಸುತ್ತು ದಾಟದೆ ಒಳಗಿನದನ್ನು ಮುಟ್ಟಲಾಗದು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನಲ್ಲಿ ಈ ಎರಡನೆಯ ಬಗೆಯವೂ ಸಾಮಾನ್ಯವಾಗಿ ಇರುತ್ತವೆ ಎಂಬುದನ್ನು ನೆನಪಿಡಿ. 2001ರಲ್ಲಿ ಜಪಾನಿನ ಸಂಶೋಧಕರು, ಔಷಧಿಗೆ ಬಗ್ಗದ ಸ್ಟೆಫಿಲೊಕಾಕಸ್ ಮೇಲೆ ಪೆನಿಸಿಲಿನ್ ಜಾತಿಯ ಔಷಧಿಯೊಡನೆ ಇ.ಜಿ.ಸಿ.ಜಿ. ಸೇರಿಸಿದಾಗ ಔಷಧಿಗೆ ಮತ್ತೆ ಬಲ ಬಂದುದನ್ನು ತೋರಿಸಿದರು. ನಾನು ಅದನ್ನು ಓದಿದ ದಿನ ರೋಮಾಂಚನಗೊಂಡಿದ್ದೆ. ಆದರೆ ಅದು ತಟ್ಟೆಯ ಮಾತು. ನಾವು ಒಂದು ಲೋಟ ಕುಡಿದಾಗ ರಕ್ತಕ್ಕೆ ಸೇರುವ ಇ.ಜಿ.ಸಿ.ಜಿ. ತಟ್ಟೆಯಲ್ಲಿ ಬೇಕಾದ ಪ್ರಮಾಣಕ್ಕಿಂತ ನೂರಾರು ಪಟ್ಟು ಕಡಿಮೆ.

ಹಸಿರು ಚಹಾದಿಂದ ನಿಜವಾಗಿ ಔಷಧಿ ಆದದ್ದೂ ಉಂಟು. 2006ರಲ್ಲಿ ಅಮೆರಿಕ ಒಂದು ಮುಲಾಮಿಗೆ ಮಂಜೂರಾತಿ ಕೊಟ್ಟಿತು. ಕ್ಯಾಟೆಚಿನ್‌ಗಳನ್ನು ಶುದ್ಧಮಾಡಿ ಶೇಕಡಾ 15ರ ಅಳತೆಯಲ್ಲಿ ಬೆರೆಸಿದ್ದು. ಅದು ಗುಹ್ಯಾಂಗದ ಹೊರಭಾಗದ ನರುಲಿಗೆ, ಅಂದರೆ ವೈರಸ್ಸಿನಿಂದ ಬರುವ ತೊಂದರೆಗೆ. ಶುದ್ಧತೆ, ಅಳತೆ, ಯಾವ ರೋಗಕ್ಕೆ ಎಂಬ ನಿರ್ಣಯ ಮೂರೂ ಸೇರಿದಾಗ ಎಲೆ ಔಷಧಿಯಾಯಿತು.

ಲೋಳೆಸರವನ್ನು ಗಾಯಕ್ಕೆ ಬಳಸಿದ ಪ್ರಯೋಗಗಳ ವಿಷಯ. 1935ರಲ್ಲಿ ಎಕ್ಸ್‌ರೇ ಕಿರಣದಿಂದ ಸುಟ್ಟ ಚರ್ಮಕ್ಕೆ ಹಸಿ ಎಲೆ ಹಚ್ಚಿ ಗುಣವಾದ ವರದಿ ಬಂತು. ಆಧುನಿಕ ವೈದ್ಯರ ಗಮನ ಈ ಗಿಡದ ಕಡೆ ತಿರುಗಿದ್ದು ಆಗಿನಿಂದ. ಮೇಲ್ಪದರದ ಸುಟ್ಟ ಗಾಯಗಳಲ್ಲಿ ಬೇಗ ಮಾಯುತ್ತದೆ ಎನ್ನುವ ಸಣ್ಣ ಸಣ್ಣ ಅಧ್ಯಯನಗಳಿವೆ, ನಿಮ್ಮ ಅನುಭವ ಅದಕ್ಕೆ ಹೊಂದುತ್ತದೆ. ಇನ್ನೊಂದು ಮಗ್ಗುಲೂ ಇದೆ. 1991ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಬಾಯಿ ಬಿಟ್ಟ ಗಾಯಗಳಿಗೆ ಮಾಮೂಲಿ ಆರೈಕೆಯಲ್ಲಿ ಸರಾಸರಿ 53 ದಿನ ಹಿಡಿದರೆ, ಲೋಳೆಸರದ ಜೆಲ್ ಸೇರಿಸಿದವರಿಗೆ 83 ದಿನ ಹಿಡಿಯಿತು. ಆಳದ ಗಾಯದಲ್ಲಿ ಅದು ತಡಮಾಡಿತು. 2012ರಲ್ಲಿ, ಚಿಕಿತ್ಸೆಗಳ ಪ್ರಯೋಗಗಳನ್ನೆಲ್ಲ ಒಟ್ಟುಮಾಡಿ ತೂಗಿ ನೋಡುವ ಕಾಕ್ರೇನ್ ಎಂಬ ಸಂಸ್ಥೆಯ ವಿಮರ್ಶೆ ಏಳು ಪ್ರಯೋಗಗಳನ್ನು, ಒಟ್ಟು 347 ರೋಗಿಗಳನ್ನು ಒಟ್ಟಿಗೆ ನೋಡಿ, ಗಾಯಕ್ಕೆ ಲೋಳೆಸರ ಒಳ್ಳೆಯದು ಎನ್ನಲು ಗಟ್ಟಿ ಆಧಾರ ಸಾಲದು ಎಂದಿತು.

ಯಜಮಾನರ ರಸದ ಬಗ್ಗೆ ರೈತರೊಬ್ಬರು ಇಲ್ಲಿ ಬರೆಯಲಿ ಎಂದು ಕಾಯುತ್ತೇನೆ. ಹಳದಿ ಹಾಲಿನ ವಿಷಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಉತ್ತರ: ಕೆಂಪುನೆಲ, ಹಿರಿಯೂರು ತಾಲ್ಲೂಕು

ಮೇಷ್ಟ್ರು ಕರೆದದ್ದಕ್ಕೆ ಬಂದೆ. ನಮ್ಮದು ಮಳೆ ನಂಬಿದ ಜಮೀನು. ಶೇಂಗಾ ಎರಡು ವರ್ಷ ಕೈಕೊಟ್ಟ ಮೇಲೆ ಮುಕ್ಕಾಲು ಎಕರೆಗೆ ಲೋಳೆಸರ ಹಾಕಿದ್ದೆ. ಕೊಳ್ಳುತ್ತೇವೆ ಎಂದು ಮಾತು ಕೊಟ್ಟವರು ಕೊಯ್ಲಿನ ಹೊತ್ತಿಗೆ ಬರಲಿಲ್ಲ, ಆ ವಿಷಯ ಬಿಡುತ್ತೇನೆ. ಗಿಡ ಮಾತ್ರ ನನಗೆ ಮೋಸ ಮಾಡಲಿಲ್ಲ. ಬುಡದಲ್ಲಿ ಬರುವ ಮರಿಗಳನ್ನು ಕಿತ್ತು ನೆಟ್ಟರೆ ಸಾಕು, ಹತ್ತು ಹನ್ನೆರಡು ತಿಂಗಳಿಗೆ ಎಲೆ ಕೊಯ್ಯಬಹುದು. ಹಗಲು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತಂಪಿನಲ್ಲಿ ತೆರೆದು ಉಸಿರಾಡುವ ಜಾತಿ ಅದು. ಅಕ್ಕನ ಹೋಟೆಲಿನ ಬಾಗಿಲ ಮೇಲೆ ಮಣ್ಣಿಲ್ಲದೆ ಹಸಿರಾಗಿ ನಿಂತಿರುವ ಗುಟ್ಟು ಇದೇ.

ಎಲೆಯನ್ನು ಬುಡದಲ್ಲಿ ಕೊಯ್ದ ತಕ್ಷಣ ಹಳದಿ ಹಾಲು ಜಿನುಗುತ್ತದೆ. ನಾಲಿಗೆಗೆ ತಾಗಿದರೆ ಸಂಜೆಯವರೆಗೂ ಕಹಿ ಹೋಗುವುದಿಲ್ಲ. ಕೊಯ್ದ ತುದಿ ಕೆಳಗೆ ಬರುವಂತೆ ಎಲೆಗಳನ್ನು ಬುಟ್ಟಿಯಲ್ಲಿ ನಿಲ್ಲಿಸಿ ಅದನ್ನು ಸೋರಿಸಬೇಕು. ಆಮೇಲೆ ಅಂಚಿನ ಮುಳ್ಳು ಕತ್ತರಿಸಿ, ಸಿಪ್ಪೆಯನ್ನು ದಪ್ಪವಾಗಿ ತೆಗೆದು, ತಿರುಳನ್ನು ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಆ ಹಾಲನ್ನು ಒಣಗಿಸಿದರೆ ಸಿಗುವ ಕಪ್ಪು ಗಟ್ಟಿಯನ್ನು ಹಿಂದೆ ಭೇದಿಗೆ ಕೊಡುತ್ತಿದ್ದರು, ಅಂದರೆ ಅದರ ಬಲ ಎಷ್ಟೆಂದು ನೀವೇ ಯೋಚಿಸಿ. ಯಜಮಾನರು ಎಲೆಯನ್ನು ಸಿಪ್ಪೆಸಹಿತ ರುಬ್ಬಿ ಕುಡಿಯುತ್ತಿದ್ದರೆ ಇಂದೇ ನಿಲ್ಲಿಸಲಿ. ನಾನು ಹಾಗೆ ಒಂದು ತಿಂಗಳು ಕುಡಿದು, ಹೊಟ್ಟೆ ನುಲಿತ ಮತ್ತು ಭೇದಿಯಿಂದ ನಿತ್ರಾಣನಾಗಿ ಮಲಗಿದ್ದೆ.

ಇನ್ನೊಂದು ಮಾತು, ದಯವಿಟ್ಟು ಹೊಸಬರು ಗಮನಿಸಿ. ನಮ್ಮ ಕಡೆ ಬೇಲಿಗೆ ಬೆಳೆಸುವ ಕತ್ತಾಳೆಯನ್ನೂ ಲೋಳೆಸರವನ್ನೂ ಒಂದೇ ಎಂದು ತಿಳಿದು ಕತ್ತಾಳೆಯ ರಸ ಹಚ್ಚಿಕೊಂಡವರಿದ್ದಾರೆ. ಕತ್ತಾಳೆಯ ರಸದಲ್ಲಿ ಸೂಜಿಯಂತಹ ಆಕ್ಸಲೇಟ್ ಹರಳುಗಳಿರುತ್ತವೆ. ಚರ್ಮ ಉರಿದು ಗುಳ್ಳೆ ಏಳುತ್ತದೆ. ಕತ್ತಾಳೆಯ ಎಲೆ ಮುರಿದರೆ ನಾರು ಬರುತ್ತದೆ, ಲೋಳೆಸರದಲ್ಲಿ ನಾರಿಲ್ಲ, ಲೋಳೆ ಮಾತ್ರ.

ಉತ್ತರ: ಅಗಾರ್ ತಟ್ಟೆ, ದಾವಣಗೆರೆ

ರೈತ ಬಂಧುಗಳಿಗೆ ಧನ್ಯವಾದ. ಲೋಳೆಸರದ ಹಳದಿ ಹಾಲಿನಿಂದ ಮಾಡಿದ ಭೇದಿ ಔಷಧಿಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವುದನ್ನು ಅಮೆರಿಕ 2002ರಲ್ಲೇ ನಿಲ್ಲಿಸಿತು. ಸಿಪ್ಪೆಸಹಿತ ಇಡೀ ಎಲೆಯ ಸಾರವನ್ನು ಎರಡು ವರ್ಷ ಕುಡಿಯುವ ನೀರಿನಲ್ಲಿ ಕೊಟ್ಟಾಗ ಇಲಿಗಳ ದೊಡ್ಡ ಕರುಳಿನಲ್ಲಿ ಗೆಡ್ಡೆಗಳಾದವು. ಅದನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಇಡೀ ಎಲೆಯ ಸಾರವನ್ನು ಮನುಷ್ಯರಿಗೂ ಕ್ಯಾನ್ಸರ್ ತರಬಹುದಾದವುಗಳ ಪಟ್ಟಿಗೆ ಸೇರಿಸಿತು. ಇದು ಚರ್ಮಕ್ಕೆ ತಿರುಳು ಹಚ್ಚುವ ಮಾತಲ್ಲ, ಕುಡಿಯುವ ಮಾತು.

ಹಾಗೆಯೇ ಗ್ರೀನ್ ಟೀ ಮಾತ್ರೆ. ಲೋಟದಲ್ಲಿ ಕುಡಿಯುವುದಕ್ಕೆ ಭಯ ಬೇಡ. ಆದರೆ ತೂಕ ಇಳಿಸುವ ಸಾರದ ಮಾತ್ರೆಗಳಿಂದ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇ.ಜಿ.ಸಿ.ಜಿ. ಸೇವಿಸಿದವರಲ್ಲಿ ಯಕೃತ್ತಿಗೆ ಪೆಟ್ಟಾಗುತ್ತಿರುವ ಲಕ್ಷಣಗಳು ರಕ್ತಪರೀಕ್ಷೆಯಲ್ಲಿ ಕಂಡಿವೆ ಎಂದು ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿತು. ಮಗನಿಗೆ ಇದನ್ನು ತಿಳಿಸಿ.

ಉತ್ತರ: ಮೂರನೇ ವರ್ಷದ ದಂತವೈದ್ಯ ವಿದ್ಯಾರ್ಥಿನಿ, ದಾವಣಗೆರೆ

ಆಂಟಿ, ಗ್ರೀನ್ ಟೀಗೆ ಸಲ್ಲುವ ಜಾಗ ಒಂದಿದೆ, ಅದು ಬಾಯಿ. ರಕ್ತಕ್ಕೆ ಸೇರಬೇಕಾದ ಪ್ರಶ್ನೆಯೇ ಇಲ್ಲ, ಮುಕ್ಕಳಿಸಿದರೆ ಗಟ್ಟಿ ಕ್ಯಾಟೆಚಿನ್ ನೇರವಾಗಿ ಹಲ್ಲಿಗೇ ತಾಗುತ್ತದೆ. ಹಲ್ಲು ಹುಳುಕಾಗಿಸುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಸಕ್ಕರೆಯಿಂದ ಅಂಟು ತಯಾರಿಸಿ ಹಲ್ಲಿಗೆ ಹಿಡಿದುಕೊಳ್ಳುತ್ತದೆ. ಆ ಅಂಟು ಮಾಡುವ ಕಿಣ್ವಕ್ಕೆ ಕ್ಯಾಟೆಚಿನ್ ಅಡ್ಡಿಪಡಿಸುತ್ತದೆ. ನಮ್ಮಲ್ಲಿ ಬಾಯಿ ಮುಕ್ಕಳಿಸಲು ಕೊಡುವ ಕ್ಲೋರ್ಹೆಕ್ಸಿಡಿನ್ ಎಂಬ ದ್ರಾವಣವನ್ನೇ ಮೇಲ್ಮಟ್ಟದ್ದೆಂದು ಎಣಿಸುತ್ತಾರೆ, ಆದರೆ ಅದನ್ನು ಬಹಳ ದಿನ ಬಳಸಿದರೆ ಹಲ್ಲಿಗೆ ಕಂದು ಕಲೆ ಬರುತ್ತದೆ, ನಾಲಿಗೆಯ ರುಚಿ ಕೆಡುತ್ತದೆ. ಸಕ್ಕರೆ ಹಾಕದ ಗ್ರೀನ್ ಟೀಯಲ್ಲಿ ಊಟವಾದ ಮೇಲೆ ಬಾಯಿ ಮುಕ್ಕಳಿಸುವುದು ಒಳ್ಳೆಯ ಅಭ್ಯಾಸ. ಹಲ್ಲುಜ್ಜುವುದನ್ನು ಬಿಡಬಾರದು, ಅಷ್ಟೇ. ಅಜ್ಜಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಒಸಡನ್ನೂ ಒಮ್ಮೆ ತೋರಿಸಿ. ಸಕ್ಕರೆ ಏರಿದ್ದರೆ ಒಸಡಿನ ಸೋಂಕು ಬೇಗ ಹಿಡಿಯುತ್ತದೆ.

ಉತ್ತರ: ಡ್ರೆಸ್ಸಿಂಗ್ ಕೋಣೆ, ಚಿತ್ರದುರ್ಗ

ಮಗಳ ಮಾತಿಗೆ ಒಂದು ಸೇರಿಕೆ. ಗ್ರೀನ್ ಟೀ ನುಂಗುವುದಾದರೆ ಊಟಕ್ಕೂ ಅದಕ್ಕೂ ನಡುವೆ ಒಂದು ಗಂಟೆ ಬಿಡಿ. ಸೊಪ್ಪು, ರಾಗಿ, ಕಾಳುಗಳಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳದಂತೆ ಅದು ತಡೆಯುತ್ತದೆ. ಒಲೆಯ ಮುಂದೆ ನಿಂತು ದುಡಿಯುವ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇರುವವರನ್ನು ದಿನವೂ ನೋಡುತ್ತೇನೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಯಾರಾದರೂ ಮನೆಯಲ್ಲಿದ್ದರೆ ವೈದ್ಯರನ್ನು ಕೇಳದೆ ಲೋಟಗಟ್ಟಲೆ ಕುಡಿಯಬಾರದು.

ಕಾವಲಿಮನೆ, ದಾವಣಗೆರೆ

ಎಲ್ಲರಿಗೂ ಕೈಮುಗಿಯುತ್ತೇನೆ. ಒಂದೊಂದು ಉತ್ತರವನ್ನೂ ಯಜಮಾನರಿಗೆ ಓದಿ ಹೇಳಿದೆ. ಅವರು ಇಷ್ಟು ದಿನ ಎಲೆಯನ್ನು ಸಿಪ್ಪೆಸಹಿತವೇ ರುಬ್ಬಿಕೊಳ್ಳುತ್ತಿದ್ದರು. ಹಳದಿ ಹಾಲು ಎಂದರೆ ಏನೆಂದು ನೋಡೋಣವೆಂದು ನಿನ್ನೆ ಎಲೆಯೊಂದನ್ನು ಕೊಯ್ದು ಸ್ಟೀಲ್ ತಟ್ಟೆಯಲ್ಲಿ ನಿಲ್ಲಿಸಿದೆವು. ಅರ್ಧ ಗಂಟೆಯಲ್ಲಿ ಅರಿಶಿನದ ನೀರಿನಂತಹ ಹಾಲು ತಟ್ಟೆಯ ತಳ ತುಂಬುವಷ್ಟು ಇಳಿದಿತ್ತು. ಯಜಮಾನರು ಬೆರಳ ತುದಿಯಲ್ಲಿ ನೆಕ್ಕಿ ಮುಖ ಹಿಂಡಿದರು. ಇಂದು ಬೆಳಿಗ್ಗೆ ರುಬ್ಬಲಿಲ್ಲ.

ಮೇಷ್ಟ್ರೇ, ನೀವು ಹೇಳಿದ ಬಟ್ಟಲಿನ ಪರೀಕ್ಷೆಯನ್ನೂ ಮಾಡಿದೆ. ನೀರಿನಲ್ಲಿ ತೊಳೆದ ತಿರುಳನ್ನು ಮುಚ್ಚಿಟ್ಟೆ. ಎರಡನೆಯ ದಿನ ಸಂಜೆ ಮುಚ್ಚಳ ತೆಗೆದಾಗ ಬಂದ ವಾಸನೆ ನನಗೆ ಹೊಸದಲ್ಲ. ಅತ್ತೆಯ ಬಟ್ಟೆ ಬಿಚ್ಚಿದ ದಿನ ಅದರಲ್ಲಿ ಅರ್ಧ ಎಲೆಯ ವಾಸನೆಯೇ ಇತ್ತು ಎಂದು ಆಗ ಹೊಳೆಯಿತು. ಕುಳಿತು ಅತ್ತುಬಿಟ್ಟೆ. ಆಮೇಲೆ ಅತ್ತೆಗೆ ನಾನೇ ಹೇಳಿದೆ, ಎಲೆ ಕಟ್ಟಿದ್ದು ನಾನು, ವೈದ್ಯರ ಎದುರು ನೀವು ನನ್ನ ತಪ್ಪನ್ನು ಹೊತ್ತುಕೊಂಡಿರಿ ಎಂದು. ಅವರು ನನ್ನ ಬಲಗೈ ಹಿಡಿದು ಕಾವಲಿ ಸುಟ್ಟ ಜಾಗವನ್ನು ಸವರಿ, "ನಿನ್ನ ಕೈಗೆ ಒಳ್ಳೆಯದಾದದ್ದನ್ನೇ ಅಲ್ಲವೇ ನನಗೂ ಇಟ್ಟದ್ದು" ಎಂದರು.

ಒಲೆಯ ಪಕ್ಕದ ನಲ್ಲಿಗೆ ಅಡ್ಡವಾಗಿದ್ದ ಹಿಟ್ಟಿನ ಪಾತ್ರೆಗಳನ್ನು ತೆಗೆಸಿದ್ದೇನೆ. ಕೈ ಸುಟ್ಟರೆ ಇಪ್ಪತ್ತು ನಿಮಿಷ ನೀರು ಎಂದು ಕೆಲಸದ ಹುಡುಗರಿಬ್ಬರಿಗೂ ಹೇಳಿದ್ದೇನೆ, ಗಡಿಯಾರ ಕಾಣುವಲ್ಲಿ ಸ್ಟೂಲ್ ಇಟ್ಟಿದ್ದೇನೆ. ರಾತ್ರಿ ಮಲಗುವ ಮೊದಲು ಮೊಬೈಲ್ ಬೆಳಕಿನಲ್ಲಿ ಅತ್ತೆಯ ಪಾದ ನೋಡುತ್ತೇನೆ. ಮೊನ್ನೆ ಬಲಗಾಲಿನ ಕಿರುಬೆರಳ ಸಂದಿನಲ್ಲಿ ಬಿಳಿಯ ಬಿರುಕೊಂದು ಕಂಡಿತು, ಅವರಿಗೆ ಗೊತ್ತೇ ಇರಲಿಲ್ಲ. ಮರುದಿನವೇ ತೋರಿಸಿದೆವು, ನೀರಿನ ಹುಣ್ಣು, ಪುಡಿ ಕೊಟ್ಟಿದ್ದಾರೆ.

ಶುಶ್ರೂಷಕಿ ತಂಗಿಗೆ ಒಂದೇ ಪ್ರಶ್ನೆ ಉಳಿದಿದೆ. ಹೆಬ್ಬೆರಳ ಗಾಯ ಈಗ ಶೇಂಗಾ ಬೀಜದಷ್ಟಿದೆ, ಒಳಗೆ ಕೆಂಪಗೆ ಕಾಣುತ್ತದೆ, ವಾಸನೆಯಿಲ್ಲ. ಕೆಂಪಗಿರುವುದು ಒಳ್ಳೆಯ ಲಕ್ಷಣವೇ?

ಉತ್ತರ: ಡ್ರೆಸ್ಸಿಂಗ್ ಕೋಣೆ, ಚಿತ್ರದುರ್ಗ

ಹೌದು ಅಕ್ಕ. ದಾಳಿಂಬೆ ಕಾಳಿನಂತೆ ತೇವವಾಗಿ ಕೆಂಪಗಿದ್ದು, ವಾಸನೆ ಇಲ್ಲದಿದ್ದರೆ ಹೊಸ ಮಾಂಸ ಬರುತ್ತಿದೆ ಎಂದರ್ಥ. ಸುತ್ತಲಿನ ಚರ್ಮ ಕೆಂಪೇರಿ ಬಿಸಿಯಾದರೆ, ಅಥವಾ ಗಾಯದ ಒಳಗೆ ಕಪ್ಪು ಕಂಡರೆ ಮುಂದಿನ ಡ್ರೆಸ್ಸಿಂಗ್ ದಿನಕ್ಕೆ ಕಾಯಬೇಡಿ, ಆ ಹೊತ್ತಿನಲ್ಲೇ ಹೋಗಿ. ಹೆಬ್ಬೆರಳ ಮೇಲೆ ಭಾರ ಬೀಳದಂತೆ ಹಿಮ್ಮಡಿ ಊರಿ ನಡೆಯಲು ಹೇಳಿ.

ಕಾವಲಿಮನೆ, ದಾವಣಗೆರೆ

ಹೇಳುತ್ತೇನೆ. ಶನಿವಾರ ಡ್ರೆಸ್ಸಿಂಗ್ ಇದೆ, ಅಂದು ಗಾಯದ ಅಳತೆ ತೆಗೆಯುತ್ತಾರೆ. ಬಂದು ಇಲ್ಲಿ ಬರೆಯುತ್ತೇನೆ.